ಹೊಳಿ ಲೆಕ್ಕ, ಗಣಿ ಲೆಕ್ಕ

ಸೆಪ್ಟೆಂಬರ್ 15 ಬಂತಂದ್ರೆ ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಕ್ಕೆ ಹಾರ ಹಾಕ್ತೀವಿ, ಭಾಷಣ ಕೇಳ್ತೀವಿ, ಉಪ್ಪಿಟ್ಟು ತಿಂದು ಹಾಸ್ಟೆಲ್‌ಗೆ ಹೋಗ್ತೀವಿ. ಆದರೆ ಅವರ ಬದುಕಿನ ಒಂದು ಲೆಕ್ಕ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದ ನಮಗೆ ಬಹಳ ಹತ್ತಿರದ್ದು. ಅದು ಕರೆಂಟಿನ ಲೆಕ್ಕ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ನಮ್ಮ ಬಿಜಾಪುರ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ನೀರಾ ಕಾಲುವೆಗೆ ಅವರು ತಂದ ಬ್ಲಾಕ್ ಪದ್ಧತಿಯಲ್ಲಿ ಹೊಲಗಳನ್ನು ಬ್ಲಾಕುಗಳಾಗಿ ಹಂಚಿ, ಯಾವ ಬೆಳೆಗೆ ಎಷ್ಟು ನೀರು ಅಂತ ಮೊದಲೇ ಗೊತ್ತುಮಾಡುತ್ತಿದ್ದರು. ಇವತ್ತು ನಮ್ಮೂರ ಪಂಪ್‌ಸೆಟ್ಟಿಗೆ ಪಾಳಿ ಪ್ರಕಾರ ತ್ರೀ ಫೇಸ್ ಬಿಡ್ತಾರಲ್ಲ, ಅದೂ ಹೆಚ್ಚುಕಡಿಮೆ ಇದೇ ಜಾತಿಯದು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. ಶಿವನಸಮುದ್ರದ ಕರೆಂಟು 1902ರಿಂದಲೇ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ತೊಡಕು ಏನಂದ್ರೆ, ಮಳೆಗಾಲದಲ್ಲಿ ತುಂಬಿ ಹರಿಯುವ ಕಾವೇರಿ ಬೇಸಿಗೆಯಲ್ಲಿ ಬಡವಾಗುತ್ತಾಳೆ. ಗಣಿಗೆ ಮಾತ್ರ ಬೇಸಿಗೆ, ಮಳೆಗಾಲ ಎರಡೂ ಒಂದೇ. ಎಷ್ಟು ಹಾರ್ಸ್‌ಪವರ್ ಬೇಕು ಅನ್ನುವುದು ಗಣಿಯವರ ಕರಾರಿನಲ್ಲಿತ್ತು, ಇನ್ನೂ ಬೇಕು ಅಂತಲೂ ಕೇಳುತ್ತಿದ್ದರು. ಹೊಳೆಯ ಹರಿವಿನ ಅಂಕಿ ಒಂದು ಕಡೆ, ಗಣಿಯ ಬೇಡಿಕೆಯ ಅಂಕಿ ಇನ್ನೊಂದು ಕಡೆ ಇಟ್ಟು ನೋಡಿದರೆ ನಡುವೆ ಒಂದು ಕೊರತೆ ಕಾಣುತ್ತೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದದ್ದು ನೀರಾವರಿಯ ಜೊತೆಗೆ ಈ ಕೊರತೆ ತುಂಬೋದಕ್ಕೂ ಹೌದು. ದುಡ್ಡಿನ ವಿಚಾರಕ್ಕೆ ಹಿಂಜರಿದವರ ಮುಂದೆ, ಗಣಿಯಿಂದ ಬರುವ ಆದಾಯವೇ ಅವರ ಗಟ್ಟಿ ವಾದವಾಗಿತ್ತು. ಮದರಾಸು ಸರ್ಕಾರ ತಕರಾರು ತೆಗೆದು ಕಡಿಮೆ ಎತ್ತರಕ್ಕೆ ಮಾತ್ರ ಒಪ್ಪಿತು. ಇವರೋ ಬುನಾದಿಯನ್ನು ಪೂರ್ತಿ ಎತ್ತರ ತಡೆಯುವ ಹಾಗೆಯೇ ಹಾಕಿಸಿದರು! 1912ರಲ್ಲಿ ದಿವಾನರಾದರೂ ಕಟ್ಟೆಯ ಮೇಲಿನ ಕಣ್ಣು ತೆಗೆಯಲಿಲ್ಲ. 1915ಕ್ಕೆ ಗಣಿಗೆ ಕೊಟ್ಟ ಮಾತು ಉಳಿಯಿತು. 1918ರಲ್ಲಿ ದಿವಾನಗಿರಿ ಬಿಟ್ಟರು. ಕಟ್ಟೆ ಪೂರ್ತಿ ಎತ್ತರಕ್ಕೆ ಏರಿದ್ದು ಆಮೇಲೆ, ಅದೇ ಬುನಾದಿಯ ಮೇಲೆ. 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ತೀರಿಕೊಂಡರು.

ಈಗ ನಮ್ಮ ಕಡೆ ಬರೋಣ. ಆಲಮಟ್ಟಿಯ ಜಲವಿದ್ಯುತ್, ಕೂಡಗಿಯ ಶಾಖೋತ್ಪನ್ನ ಸ್ಥಾವರ, ಎರಡೂ ಬಾಗೇವಾಡಿ ಸೀಮೆಯಲ್ಲೇ ಐತಿ. ಆದರೂ ಬೇಸಿಗೆಯಲ್ಲಿ ಊರಿಂದ ಫೋನ್ ಬಂತಂದ್ರೆ ಮೊದಲ ಸುದ್ದಿ ಟಿಸಿ ಸುಟ್ಟೈತಿ ಅಂತ. ಯಾಕೆ? ಎಷ್ಟೋ ಪಂಪ್‌ಸೆಟ್ಟಿಗೆ ಮೀಟರ್ ಇಲ್ಲ. ಕಾಗದದಲ್ಲಿ 5 ಎಚ್‌ಪಿ, ಬೋರಿನೊಳಗೆ ಏಳೂವರೆ. ಎಲ್ಲರದೂ ಆಟೋ ಸ್ಟಾರ್ಟರ್, ಕರೆಂಟು ಬಂದ ಕ್ಷಣ ಎಲ್ಲ ಮೋಟಾರು ಒಟ್ಟಿಗೇ ಎದ್ದು ನಿಲ್ತಾವ. ಆ ಟಿಸಿಯ ಕೆಳಗೆ ನಿಜವಾಗಿ ಎಷ್ಟು ಲೋಡ್ ಐತಿ ಅನ್ನೋದು ಯಾರ ಹತ್ರಾನೂ ಇಲ್ಲ.

ಸರ್ ಎಂ.ವಿ. ಅವರಿಗೆ ಈ ವಿಷಯದಲ್ಲಿ ಕೆಲಸ ಸಲೀಸಿತ್ತು ಅಂತ ನಮಗನಿಸುತ್ತೆ. ಅವರ ಎದುರಿಗಿದ್ದದ್ದು ಬೆರಳೆಣಿಕೆಯ ಕಂಪನಿಗಳು. ಅವು ಲೆಕ್ಕ ಕೊಟ್ಟವು, ಬದಲಿಗೆ ಕರೆಂಟಿನ ಮಾತು ಪಡೆದವು. ನಮ್ಮಪ್ಪ, ಕಾಕಾ ಮೀಟರ್ ಅಂದ ಕೂಡಲೇ ಹೆದರ್ತಾರ, ಇವತ್ತು ಅಂಕಿ ಕೊಟ್ಟರೆ ನಾಳೆ ಬಿಲ್ ಬರುತ್ತೆ ಅಂತ. ಆ ಹೆದರಿಕೆ ಸುಳ್ಳು ಅಂತ ಹೇಳೋ ಧೈರ್ಯ ನಮಗೂ ಇಲ್ಲ. ಏಳೂವರೆ ಅಂತ ನಿಜ ಬರೆಸಿದ ರೈತನಿಗೆ ದೊಡ್ಡ ಟಿಸಿ ಯಾವ ತಾರೀಖಿಗೆ ಬರುತ್ತೆ ಅಂತ ಬರೆದು ಕೊಡೋರು ಯಾರು?