ಒಕಜಾಕಿ ಕಂಡ ತುಣುಕುಗಳು

ಜೀವವಿಜ್ಞಾನ ಓದಿದವರಿಗೆ ‘ಒಕಜಾಕಿ ತುಣುಕು’ ಎಂಬ ಪದ ಹೊಸದಲ್ಲ. ಆ ಹೆಸರಿನ ಹಿಂದಿರುವ ಮನುಷ್ಯನ ಬಗ್ಗೆ ಮಾತ್ರ ಪಠ್ಯಪುಸ್ತಕಗಳು ಹೆಚ್ಚೇನೂ ಹೇಳುವುದಿಲ್ಲ. ಪರೀಕ್ಷೆಗೆ ಅದು ಬೇಕಿಲ್ಲವಲ್ಲ!

ರೇಜಿ ಒಕಜಾಕಿ ಹುಟ್ಟಿದ್ದು 1930ರಲ್ಲಿ, ಜಪಾನಿನ ಹಿರೋಶಿಮಾದಲ್ಲಿ. 1945ರ ಆಗಸ್ಟ್ 6ರಂದು ಆ ನಗರದ ಮೇಲೆ ಅಣುಬಾಂಬ್ ಬಿದ್ದಾಗ ಅವರಿಗಿನ್ನೂ ಹದಿನೈದು ತುಂಬಿರಲಿಲ್ಲ. ಜೀವ ಉಳಿಯಿತು; ಆದರೆ ದೇಹ ವಿಕಿರಣಕ್ಕೆ ಒಳಗಾಗಿತ್ತು. 1953ರಲ್ಲಿ ನಗೋಯಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಎಳೆಯ ರಚನೆಯನ್ನು ಪ್ರಕಟಿಸಿದ್ದೂ ಅದೇ ವರ್ಷ. ಮುಂದೆ ವಿಜ್ಞಾನಿ ತ್ಸುನೆಕೊ ಅವರ ಬಾಳಸಂಗಾತಿಯಾದರು. 1960ರ ದಶಕದ ಆರಂಭದಲ್ಲಿ ದಂಪತಿ ಅಮೆರಿಕಕ್ಕೆ ತೆರಳಿ, ಆರ್ಥರ್ ಕಾರ್ನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ದುಡಿದರು. ಡಿಎನ್‌ಎಯನ್ನು ನಕಲು ಮಾಡುವ ಪಾಲಿಮರೇಸ್ ಎಂಬ ಕಿಣ್ವವನ್ನು ಪತ್ತೆಹಚ್ಚಿ 1959ರ ನೊಬೆಲ್ ಪಡೆದಿದ್ದವರು ಈ ಕಾರ್ನ್‌ಬರ್ಗ್.

ಒಗಟು ಇದ್ದುದು ಆ ಕಿಣ್ವದ ಸ್ವಭಾವದಲ್ಲೇ. ಡಿಎನ್‌ಎಯ ಎರಡು ಎಳೆಗಳು ಪರಸ್ಪರ ವಿರುದ್ಧ ದಿಕ್ಕಿನವು. ಪಾಲಿಮರೇಸ್‌ಗೆ ಒಂದು ದಿಕ್ಕಿನಲ್ಲಿ ಬರೆಯಲು ಮಾತ್ರ ಬರುತ್ತದೆ. ಆದರೆ 1963ರಲ್ಲಿ ಜಾನ್ ಕೇರ್ನ್ಸ್ ಪಡೆದ ಚಿತ್ರಗಳಲ್ಲಿ, ಬ್ಯಾಕ್ಟೀರಿಯಾದ ಜೋಡಿ ಎಳೆ ಬಿಚ್ಚಿಕೊಳ್ಳುತ್ತ ಹೋದಂತೆ ಎರಡರ ಪ್ರತಿಗಳೂ ಜತೆಜತೆಗೇ ಸಿದ್ಧವಾಗುತ್ತಿದ್ದವು. ಒಂದು ಎಳೆಯದು ಸರಿ, ಇನ್ನೊಂದರದು ಹೇಗೆ? ತಿರುಗುಮುರುಗಾಗಿ ಬರೆಯಬಲ್ಲ ಮತ್ತೊಂದು ಕಿಣ್ವವೇನಾದರೂ ಇದೆಯೇ? ಅಂಥದ್ದು ಸಿಗಲಿಲ್ಲ.

ನಗೋಯಾಕ್ಕೆ ಮರಳಿದ ಒಕಜಾಕಿ ದಂಪತಿ ಬೇರೆ ದಾರಿ ಹಿಡಿದರು. ಎರಡನೆಯ ಎಳೆಯ ಪ್ರತಿ ಸಣ್ಣ ಸಣ್ಣ ತುಂಡುಗಳಾಗಿ ಸಿದ್ಧಗೊಂಡು, ಆಮೇಲೆ ಬೆಸೆದುಕೊಳ್ಳುತ್ತಿರಬಹುದಲ್ಲವೇ? ಆದರೆ ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಬೆಸೆದುಹೋಗುವ ತುಂಡನ್ನು ಹಿಡಿಯುವುದು ಹೇಗೆ? ಇ. ಕೋಲೈ ಬ್ಯಾಕ್ಟೀರಿಯಾಗಳನ್ನು ತಂಪಿನಲ್ಲಿಟ್ಟು ಅವುಗಳ ವೇಗ ತಗ್ಗಿಸಿದರು. ಕೆಲವೇ ಸೆಕೆಂಡುಗಳ ಕಾಲ ವಿಕಿರಣಶೀಲ ಥೈಮಿಡಿನ್ ಉಣಿಸಿ, ಒಡನೆಯೇ ಕ್ರಿಯೆಯನ್ನು ನಿಲ್ಲಿಸಿದರು. ಡಿಎನ್‌ಎಯನ್ನು ಸಕ್ಕರೆ ದ್ರಾವಣದಲ್ಲಿ ಅತಿವೇಗವಾಗಿ ತಿರುಗಿಸಿ ಗಾತ್ರಕ್ಕನುಗುಣವಾಗಿ ಬೇರ್ಪಡಿಸಿದರು. ಆಗಷ್ಟೇ ಹುಟ್ಟಿದ ಡಿಎನ್‌ಎ ಸಾವಿರದಿಂದ ಎರಡು ಸಾವಿರ ಅಕ್ಷರಗಳಷ್ಟು ಉದ್ದದ ತುಂಡುಗಳಲ್ಲಿತ್ತು! ತುಸು ಹೆಚ್ಚು ಸಮಯ ಕೊಟ್ಟಾಗ ಅದೇ ವಿಕಿರಣಶೀಲತೆ ನೀಳ ಎಳೆಗಳಲ್ಲಿ ಕಂಡಿತು. ಬೆಸುಗೆ ಹಾಕುವ ಲೈಗೇಸ್ ಕಿಣ್ವ ಕೆಟ್ಟಿದ್ದ ವೈರಾಣುಗಳಲ್ಲಿ ತುಂಡುಗಳು ರಾಶಿಬಿದ್ದವು. 1968ರಲ್ಲಿ ಈ ಫಲಿತಾಂಶಗಳು ವಿಜ್ಞಾನ ಜಗತ್ತಿನ ಗಮನ ಸೆಳೆದವು.

ಅರ್ಥಶಾಸ್ತ್ರ ಓದಿದ ನನ್ನಂಥವನಿಗೆ ಈ ವ್ಯವಸ್ಥೆ ಮೇಲ್ನೋಟಕ್ಕೆ ದುಂದುವೆಚ್ಚವಾಗಿಯೇ ಕಾಣುತ್ತದೆ. ಮನುಷ್ಯನ ಜೀವಕೋಶಗಳಲ್ಲಿ ತುಂಡುಗಳು ಇನ್ನೂ ಚಿಕ್ಕವು, ನೂರಿನ್ನೂರು ಅಕ್ಷರಗಳಷ್ಟೇ. ಕೋಶವೊಂದು ಒಡೆಯುವ ಮುನ್ನ ಇಂಥ ಕೋಟಿಗಟ್ಟಲೆ ತುಂಡುಗಳನ್ನು ಬರೆದು ಬೆಸೆಯಬೇಕು. ಆದರೆ ಇದಕ್ಕೊಂದು ಸಮರ್ಥನೆಯಿದೆ. ಪಾಲಿಮರೇಸ್‌ನ ದಿಕ್ಕಿನಲ್ಲಿ, ಬೆಸುಗೆಗೆ ಬೇಕಾದ ಶಕ್ತಿಯನ್ನು ಹೊಸದಾಗಿ ಬರುವ ಅಕ್ಷರವೇ ಹೊತ್ತು ತರುತ್ತದೆ. ಹೀಗಾಗಿ ತಪ್ಪಿದ ಅಕ್ಷರವನ್ನು ಕತ್ತರಿಸಿ ಹಾಕಿದರೂ ಬರವಣಿಗೆ ಮುಂದುವರಿಯುತ್ತದೆ. ವಿರುದ್ಧ ದಿಕ್ಕಿನಲ್ಲಾದರೆ ಆ ಶಕ್ತಿ ಸರಪಣಿಯ ತುದಿಯಲ್ಲೇ ಇರಬೇಕಾಗಿದ್ದು, ತಿದ್ದುವ ಗಳಿಗೆಯಲ್ಲಿ ಅದೂ ಕಳೆದುಹೋಗುತ್ತಿತ್ತು. ಪ್ರತಿ ತೆಗೆಯುವ ಕೆಲಸದಲ್ಲಿ ನಿಸರ್ಗ ನಿಖರತೆಗಾಗಿ ತೆತ್ತ ಬೆಲೆ ಇದು.

ಪ್ರತಿ ತುಂಡಿನ ಆರಂಭಕ್ಕೆ ಪುಟ್ಟದೊಂದು ಆರ್‌ಎನ್‌ಎ ಎಳೆ ಬೇಕು ಎಂಬುದರತ್ತ ಒಕಜಾಕಿ ತಂಡದ ಪ್ರಯೋಗಗಳು ಬೊಟ್ಟುಮಾಡುತ್ತಿದ್ದವು. ಅದನ್ನು ಪೂರ್ತಿಯಾಗಿ ಸಾಬೀತುಪಡಿಸುವಷ್ಟು ಕಾಲ ಅವರಿಗೆ ಸಿಗಲಿಲ್ಲ. 1975ರಲ್ಲಿ, 44ರ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ಅಣುಬಾಂಬಿನಿಂದ ಬದುಕುಳಿದವರಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಂಡದ್ದು ದಶಕಗಳ ಅಧ್ಯಯನದಿಂದ ಸ್ಥಾಪಿತವಾಗಿದೆ. ವಿಕಿರಣ ಹಾಳುಗೆಡವುವುದೂ ಡಿಎನ್‌ಎಯನ್ನೇ.

ಮರಣೋತ್ತರವಾಗಿ ನೊಬೆಲ್ ಕೊಡುವ ಪದ್ಧತಿಯಿಲ್ಲ. ಪ್ರಯೋಗಾಲಯವನ್ನು ಮುಚ್ಚಬೇಕಾಗಿ ಬರಲಿಲ್ಲ. ತ್ಸುನೆಕೊ ಸಂಶೋಧನೆಯನ್ನು ಮುಂದುವರಿಸಿ, ಆರ್‌ಎನ್‌ಎ ಎಳೆಯ ರಚನೆಯನ್ನು ಖಚಿತಪಡಿಸಿದರು. 2021ರಲ್ಲಿ ಜಪಾನ್ ಅವರಿಗೆ ಸಂಸ್ಕೃತಿ ಕ್ಷೇತ್ರದ ತನ್ನ ಅತ್ಯುನ್ನತ ಗೌರವವನ್ನು ನೀಡಿತು. ಆಗ ರೇಜಿ ತೀರಿಕೊಂಡು 46 ವರ್ಷಗಳಾಗಿದ್ದವು.