ಡಬ್ಬಿ ನೋಡುತ್ತಿದ್ದ ಹೆಡ್‌ಮಾಸ್ಟರ್



ಮನಸ್ಸು ದಣಿದಾಗ ಹಲವರು ಜಪಾನಿನ ಮೆಲುದನಿಯ ಕಥೆಗಳನ್ನು ಓದುತ್ತಾರೆ. ನಾನು ತೆರೆಯುವುದು ತೆತ್ಸುಕೊ ಕುರೊಯನಾಗಿ ಅವರ ‘ತೊತ್ತೋಚಾನ್’. 1981ರಲ್ಲಿ ಬಂದ ಈ ಪುಸ್ತಕ ಕನ್ನಡದಲ್ಲೂ ಇದೆ. ಕಥೆಯಂತೆ ಓದಿಸಿಕೊಂಡರೂ ಅದು ಲೇಖಕಿಯ ಬಾಲ್ಯದ ನಿಜ ಸಂಗತಿ. ಇಂದು ಅದರಲ್ಲಿ ಬರುವ ಹೆಡ್‌ಮಾಸ್ಟರ್ ಸೊಸಾಕು ಕೊಬಾಯಾಶಿ ಅವರನ್ನು ನೆನೆಯೋಣ.

ಅವರು ಹುಟ್ಟಿದ್ದು 1893ರಲ್ಲಿ, ಬಾಬಾಸಾಹೇಬರಿಗಿಂತ ಎರಡು ವರ್ಷ ಚಿಕ್ಕವರು. ಸಂಗೀತ ಕಲಿತು ಮೇಷ್ಟ್ರಾದರು. ಯುರೋಪಿಗೆ ಹೋಗಿ ಅಲ್ಲಿಯ ಶಾಲೆಗಳನ್ನು ನೋಡಿ ಬಂದರು. 1937ರಲ್ಲಿ ಟೋಕಿಯೋದಲ್ಲಿ ತೊಮೊಯೆ ಶಾಲೆ ತೆರೆದರು. ಹಳೆಯ ರೈಲು ಬೋಗಿಗಳೇ ತರಗತಿಗಳು. ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ದಿನವೂ ರೈಲು ನೋಡುವ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ಮಧ್ಯಾಹ್ನ ಎಲ್ಲ ಮಕ್ಕಳೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಡಬ್ಬಿಯಲ್ಲಿ ಕಡಲಿನದೊಂದು, ಬೆಟ್ಟದ್ದೊಂದು ಇರಬೇಕೆಂಬುದಷ್ಟೇ ನಿಯಮ. ಹೆಡ್‌ಮಾಸ್ಟರ್ ಪ್ರತಿ ಡಬ್ಬಿಯನ್ನೂ ನೋಡುತ್ತಾ ಬರುತ್ತಿದ್ದರು. ಯಾವುದಾದರೂ ಇಲ್ಲದಿದ್ದರೆ ಹಿಂದೆಯೇ ಬರುತ್ತಿದ್ದ ಅವರ ಹೆಂಡತಿ ಪಾತ್ರೆಯಿಂದ ಬಡಿಸುತ್ತಿದ್ದರು. ಮನೆಯಲ್ಲಿ ಏಕಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಕೈಕಾಲು ಬೆಳೆಯದ ಗಿಡ್ಡ ಹುಡುಗನೊಬ್ಬ ಅಲ್ಲಿದ್ದ. ಅಂಥವನೂ ಗೆಲ್ಲಬಲ್ಲ ಆಟಗಳನ್ನೇ ಕ್ರೀಡಾದಿನಕ್ಕೆ ಇಟ್ಟರು. ಎಲ್ಲದರಲ್ಲೂ ಅವನೇ ಮೊದಲು ಬಂದ. ಬಹುಮಾನವಾಗಿ ತರಕಾರಿ ಸಿಕ್ಕಿತು.

ಇದನ್ನು ಓದುವಾಗ ನನಗೆ ಸಾತಾರಾದ ಶಾಲೆ ನೆನಪಾಗುತ್ತದೆ. ಅಲ್ಲಿ ಬಾಲಕ ಭೀಮ ಮನೆಯಿಂದ ತಂದ ಗೋಣಿಯ ಮೇಲೆ ಬೇರೆಯಾಗಿ ಕೂತಿದ್ದ. ನಲ್ಲಿ ತಿರುಗಿಸಲು ಜವಾನ ಬರದಿದ್ದರೆ ಅವನಿಗೆ ನೀರೂ ಇಲ್ಲ. ಒಂದು ಶಾಲೆ ಮಗುವಿಗೆ ಅವಮಾನವಾಗುವಂತೆ ನಿಯಮ ಮಾಡಿತ್ತು. ಇನ್ನೊಂದು ಶಾಲೆ ಅವಮಾನವಾಗದಂತೆ ನಿಯಮ ಮಾಡಿತು. ಎರಡನ್ನೂ ಮಾಡಿದ್ದು ಮನುಷ್ಯರೇ. ಈ ಪುಸ್ತಕ ನನಗೆ ಕೊಡುವ ಸಮಾಧಾನ ಇಲ್ಲಿದೆ: ಮನುಷ್ಯರು ಮಾಡಿದ್ದನ್ನು ಮನುಷ್ಯರೇ ಬದಲಿಸಬಲ್ಲರು.

1945ರಲ್ಲಿ ಬಾಂಬ್ ದಾಳಿಗೆ ತೊಮೊಯೆ ಸುಟ್ಟುಹೋಯಿತು. ಉರಿಯುವ ಶಾಲೆಯನ್ನು ನೋಡುತ್ತಲೇ ಕೊಬಾಯಾಶಿ ತಮ್ಮ ಮಗನೊಂದಿಗೆ ಮುಂದಿನ ಶಾಲೆಯ ಮಾತಾಡಿದರಂತೆ. ಯುದ್ಧದ ನಂತರ ಶಿಶುವಿಹಾರ ತೆರೆದರು. ಆದರೆ ಅಂಥ ಪ್ರಾಥಮಿಕ ಶಾಲೆಯನ್ನು ಮತ್ತೆ ಕಟ್ಟುವ ಮೊದಲೇ 1963ರಲ್ಲಿ ತೀರಿಕೊಂಡರು. ಕಟ್ಟಡ ಉಳಿಯದಿದ್ದರೂ ಒಬ್ಬ ವಿದ್ಯಾರ್ಥಿನಿಯ ನೆನಪಿನಿಂದ ಆ ಶಾಲೆ ನಮ್ಮೂರಿನವರೆಗೂ ಬಂದಿದೆ.

ಮೈತ್ರಿ ಎಂದರೆ ಕಣ್ಣು ಮುಚ್ಚಿ ಹಾರೈಸುವುದಷ್ಟೇ ಅಲ್ಲ, ಪಕ್ಕದವರ ಡಬ್ಬಿಯಲ್ಲಿ ಏನಿಲ್ಲ ಎಂದು ಕಣ್ಣು ತೆರೆದು ನೋಡುವುದೂ ಹೌದು. ನಾಳೆ ಬಿಸಿಯೂಟಕ್ಕೆ ಮಕ್ಕಳು ಕೂತಾಗ ಯಾರು ಯಾರಿಂದ ದೂರ ಕೂತಿದ್ದಾರೆ ಎಂದು ಒಮ್ಮೆ ನೋಡೋಣ. ಮೇಷ್ಟ್ರುಗಳು ಮಾತ್ರವಲ್ಲ, ತಂದೆ ತಾಯಂದಿರೂ.

ಸರ್ವರಿಗೂ ಮಂಗಳವಾಗಲಿ.