ಆಕ್ಸ್‌ಫರ್ಡ್‌ನಲ್ಲಿ ಸೋತ ಬಂಡಾರನಾಯಿಕೆ

ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಕೆಲವು ವರ್ಷಗಳಿಗೊಮ್ಮೆ ತಲೆಯೆತ್ತಿ ಮತ್ತೆ ತಣ್ಣಗಾಗುತ್ತದೆ. 2006ರಲ್ಲಿ ಲಿಂಗ್ಡೊ ಸಮಿತಿ ಈ ಚುನಾವಣೆಗಳಿಗೊಂದು ಚೌಕಟ್ಟು ಹಾಕಿಕೊಟ್ಟಿತು. ಅಭ್ಯರ್ಥಿಯ ವೆಚ್ಚ 5000 ರೂಪಾಯಿ ಮೀರಬಾರದು, ತರಗತಿಯಲ್ಲಿ ಕನಿಷ್ಠ ಶೇ 75ರಷ್ಟು ಹಾಜರಿ ಇರಬೇಕು, ಜಾತಿ–ಕೋಮಿನ ಹೆಸರಿನಲ್ಲಿ ಮತ ಯಾಚಿಸಬಾರದು ಎಂದೆಲ್ಲ ವಿಧಿಸಿತು. ಸುಪ್ರೀಂ ಕೋರ್ಟ್ ಅದಕ್ಕೆ ಮುದ್ರೆ ಒತ್ತಿತು. ಒಳ್ಳೆಯದೇ ಆಯಿತು. ಆದರೆ ಯಾರೂ ಬಾಯಿಬಿಟ್ಟು ಯಾಚಿಸದೆಯೂ ಹುಟ್ಟನ್ನು ನೋಡಿ ಬೀಳುವ ಮತಗಳಿವೆಯಲ್ಲ, ಅವುಗಳ ವಿಷಯದಲ್ಲಿ ಯಾವ ಸಮಿತಿ ಏನು ಮಾಡೀತು? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಸಿಂಹಳದ ಪ್ರಧಾನಿಯಾಗಿದ್ದ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಿಕೆ ನೆನಪಾಗುತ್ತಾರೆ. ನಾನು ಹುಟ್ಟಿದ 1959ರಲ್ಲೇ ಅವರು ಗುಂಡೇಟಿಗೆ ಬಲಿಯಾದರು. ಅದಕ್ಕೂ ಮೂರೂವರೆ ದಶಕಗಳ ಹಿಂದೆ, ವಿದ್ಯಾರ್ಥಿಯಾಗಿದ್ದಾಗ, ಅವರು ಒಂದು ಚುನಾವಣೆಯಲ್ಲಿ ಸೋತಿದ್ದರು.

ಅವರ ಪೂರ್ಣ ಹೆಸರು ಸಾಲೊಮನ್ ವೆಸ್ಟ್ ರಿಡ್ಜ್‌ವೇ ಡಯಾಸ್ ಬಂಡಾರನಾಯಿಕೆ. ಆ ಹೆಸರಿನಲ್ಲೇ ಮನೆತನದ ಚರಿತ್ರೆ ಅಡಗಿದೆ. 1899ರ ಜನವರಿ 8ರಂದು ಅವರು ಹುಟ್ಟಿದಾಗ ಸಿಂಹಳದ ಬ್ರಿಟಿಷ್ ಗವರ್ನರ್ ಆಗಿದ್ದವರು ಸರ್ ಜೋಸೆಫ್ ವೆಸ್ಟ್ ರಿಡ್ಜ್‌ವೇ. ಮಗುವಿಗೆ ಅವರೇ ಧರ್ಮಪಿತರಾದರು, ಹೆಸರೂ ಅವರದೇ ಬಂತು. ತಂದೆ ಸರ್ ಸಾಲೊಮನ್ ‘ಮಹಾ ಮುದಲಿಯಾರ್’ ಪದವಿಯಲ್ಲಿದ್ದವರು. ದೇಶೀಯನೊಬ್ಬ ಗವರ್ನರರ ಆಸ್ಥಾನದಲ್ಲಿ ಏರಬಹುದಾಗಿದ್ದ ಅತ್ಯುನ್ನತ ಸ್ಥಾನವದು. ಮನೆಯ ಧರ್ಮ ಆಂಗ್ಲಿಕನ್ ಕ್ರೈಸ್ತ, ಮನೆಯ ಮಾತು ಇಂಗ್ಲಿಷ್, ಹೊರಗೊಲ್ಲದಲ್ಲಿ ವಿಶಾಲ ಎಸ್ಟೇಟು. ಸೇಂಟ್ ಥಾಮಸ್ ಕಾಲೇಜಿನಲ್ಲಿ ಓದಿದ ಮಗ ಇಂಗ್ಲೆಂಡಿಗೆ ಹೋಗುವುದು ಮೊದಲೇ ನಿಶ್ಚಯವಾಗಿದ್ದ ಸಂಗತಿ.

1921ರಲ್ಲಿ ಅವರು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಂಟನಿ ಈಡನ್ ಆಗ ಅದೇ ಕಾಲೇಜಿನಲ್ಲಿದ್ದರು. ತನ್ನ ದ್ವೀಪದಲ್ಲಿ ದೊಡ್ಡಮನೆಯ ಕುವರನಾಗಿ ಬೆಳೆದ ಹುಡುಗನಿಗೆ ಇಲ್ಲಿ ತಾನು ಯಾರೂ ಅಲ್ಲ ಎಂಬುದು ಮೊದಲ ಕೆಲವು ವಾರಗಳಲ್ಲೇ ಅರಿವಾಯಿತು. ಯಾರೂ ಅವಮಾನಿಸಲಿಲ್ಲ, ಸಭ್ಯವಾಗಿಯೇ ದೂರವಿಟ್ಟರು. ಮುಂದೆ 1930ರ ದಶಕದಲ್ಲಿ ಬರೆದ ಆಕ್ಸ್‌ಫರ್ಡ್ ನೆನಪುಗಳಲ್ಲಿ ಅವರು ಈ ಏಕಾಂತವನ್ನು ಬಿಚ್ಚುಮನಸ್ಸಿನಿಂದ ಹೇಳಿಕೊಂಡಿದ್ದಾರೆ. ಇಂಗ್ಲಿಷರಿಗೆ ಸಮನೆನಿಸಿಕೊಂಡರೆ ಸಾಲದು, ಯಾವುದಾದರೊಂದು ವಿದ್ಯೆಯಲ್ಲಿ ಅವರನ್ನು ಮೀರಬೇಕು, ಆಗ ಮಾತ್ರ ಸಮಾನತೆ ತಾನಾಗಿ ಬರುತ್ತದೆ ಎಂದು ಅವರು ನಿಶ್ಚಯಿಸಿದರು. ಆರಿಸಿಕೊಂಡ ವಿದ್ಯೆ ವಾಗ್ಮಿತೆ.

ಅದಕ್ಕೆ ವೇದಿಕೆ ಆಕ್ಸ್‌ಫರ್ಡ್ ಯೂನಿಯನ್. ಅದು ನಮ್ಮ ಕಾಲೇಜು ಸಂಘಗಳಂಥದ್ದಲ್ಲ. 1823ರಲ್ಲಿ ಆರಂಭವಾದ ಚರ್ಚಾಕೂಟ. ಗ್ಲ್ಯಾಡ್‌ಸ್ಟನ್, ಆಸ್ಕ್ವಿತ್ ಮೊದಲಾದವರು ಅಧ್ಯಕ್ಷರಾಗಿದ್ದ ಪೀಠ ಅದರದು. ವರ್ಷದ ಮೂರು ಅವಧಿಗಳಲ್ಲಿ ಒಂದೊಂದಕ್ಕೂ ಹೊಸ ಪದಾಧಿಕಾರಿಗಳ ಚುನಾವಣೆ. ಯೂನಿಯನ್ನಿನ ಅಧ್ಯಕ್ಷನಾದವನು ಮುಂದೆ ಪಾರ್ಲಿಮೆಂಟಿಗೆ ಹೋಗುತ್ತಾನೆಂಬುದು ಅಲ್ಲಿನ ರೂಢಿಯ ನಂಬಿಕೆ. ಬಂಡಾರನಾಯಿಕೆ ಪಟ್ಟುಹಿಡಿದು ಮಾತನಾಡಿದರು. ಸಭಿಕರು ಕಿವಿಗೊಡತೊಡಗಿದರು. 1923ರಲ್ಲಿ ಕಾರ್ಯದರ್ಶಿಯಾಗಿ, 1924ರಲ್ಲಿ ಖಜಾಂಚಿಯಾಗಿ ಚುನಾಯಿತರಾದರು. ಉಳಿದಿದ್ದು ಅಧ್ಯಕ್ಷ ಪೀಠ ಮಾತ್ರ. ಅದಕ್ಕೂ ನಿಂತರು. ಸೋತರು.

ಸೋಲಿಗೆ ಅವರೇ ಕೊಟ್ಟ ಕಾರಣ ಗಮನಾರ್ಹವಾದುದು. ಓದು ಮುಗಿಸಿ ಹೋದವರೂ ಯೂನಿಯನ್ನಿನ ಆಜೀವ ಸದಸ್ಯರಾಗಿ ಉಳಿಯುತ್ತಾರೆ, ಆದರೆ ಸಾಮಾನ್ಯವಾಗಿ ಮತ ಹಾಕಲು ಬರುವುದಿಲ್ಲ. ಆ ಬಾರಿ ಅವರು ಬಂದರು. ಕಪ್ಪು ಚರ್ಮದವನೊಬ್ಬ ಆ ಪೀಠದಲ್ಲಿ ಕೂರಬಾರದೆಂದೇ ಬಂದರು ಎಂಬುದು ಬಂಡಾರನಾಯಿಕೆಯವರ ದೃಢ ನಂಬಿಕೆ. ಅವರ ಭಾಷಣಗಳನ್ನು ಕೇಳಿದ ವಿದ್ಯಾರ್ಥಿಗಳು ಎರಡು ಬಾರಿ ಗೆಲ್ಲಿಸಿದ್ದರು. ಕೇಳದೇ ಇದ್ದವರು ಸೋಲಿಸಿದರು. ಸೋತವರು ಕಾರಣವನ್ನು ಹೊರಗೆ ಹುಡುಕುವುದು ಸಹಜವೇ ಆದರೂ, 1920ರ ದಶಕದ ಇಂಗ್ಲೆಂಡನ್ನು ಬಲ್ಲವರು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು.

1925ರಲ್ಲಿ ಬ್ಯಾರಿಸ್ಟರಾಗಿ ಕೊಲಂಬೊಗೆ ಮರಳಿದ ಅವರಿಗೆ ತಾಯ್ನುಡಿ ಸಿಂಹಳದಲ್ಲಿ ಸರಾಗವಾಗಿ ಭಾಷಣ ಮಾಡಲು ಬರುತ್ತಿರಲಿಲ್ಲ. ಕುಳಿತು ಕಲಿತರು. ಕೋಟು–ಪ್ಯಾಂಟು ಬಿಟ್ಟು ಬಿಳಿಯ ದೇಶೀ ಉಡುಪು ತೊಟ್ಟರು, ಬೌದ್ಧಧರ್ಮವನ್ನು ಸ್ವೀಕರಿಸಿದರು. ರಾಜಕೀಯ ಲಾಭಕ್ಕಾಗಿ ಮಾಡಿದ್ದೆಂದು ಟೀಕಾಕಾರರು ಅಂದೂ ಹೇಳಿದರು, ಇಂದೂ ಹೇಳುತ್ತಾರೆ. ನಾನು ಅಷ್ಟು ನಿಷ್ಠುರನಾಗಲಾರೆ. ಆಕ್ಸ್‌ಫರ್ಡ್‌ನಲ್ಲಿ ಪೆಟ್ಟು ತಿಂದವನಿಗೆ ತನ್ನದೆಂಬ ನೆಲವೊಂದು ಬೇಕಾಗಿದ್ದರೆ ಅದರಲ್ಲಿ ಕಪಟವೇನಿಲ್ಲ.

ಈ ಹಂತದ ಒಂದು ಸಂಗತಿ ನಮ್ಮಲ್ಲಿ ಹೆಚ್ಚು ಮಂದಿಗೆ ತಿಳಿದಂತಿಲ್ಲ. 1926ರಲ್ಲಿ, ಇಪ್ಪತ್ತೇಳರ ಹರೆಯದ ಬಂಡಾರನಾಯಿಕೆ ಸಿಂಹಳಕ್ಕೆ ಒಕ್ಕೂಟ ವ್ಯವಸ್ಥೆಯೇ ಪರಿಹಾರವೆಂದು ಪತ್ರಿಕೆಯಲ್ಲಿ ಲೇಖನಮಾಲೆ ಬರೆದರು. ಜಾಫ್ನಾಕ್ಕೆ ಹೋಗಿ ತಮಿಳರ ಸಭೆಯಲ್ಲಿ ಅದನ್ನೇ ಪ್ರತಿಪಾದಿಸಿದರು. ಕರಾವಳಿಯ ಸಿಂಹಳೀಯರು, ಕ್ಯಾಂಡಿಯ ಸಿಂಹಳೀಯರು, ತಮಿಳರು ತಂತಮ್ಮ ಪ್ರದೇಶದ ಆಡಳಿತ ನೋಡಿಕೊಂಡು ಒಂದೇ ರಾಷ್ಟ್ರವಾಗಿ ಬಾಳಬಹುದೆಂಬುದು ಅವರ ವಾದ. ತಮಿಳು ನಾಯಕರೇ ಆಗ ಅದಕ್ಕೆ ಒಲವು ತೋರಲಿಲ್ಲ. ಸಂಖ್ಯಾಬಲದ ಎದುರು ಕಡಿಮೆ ಸಂಖ್ಯೆಯವನ ಸ್ಥಿತಿ ಏನೆಂಬುದು ಆಕ್ಸ್‌ಫರ್ಡ್‌ನಿಂದ ಬಂದ ಹೊಸತರಲ್ಲಿ ಅವರಿಗೆ ಇನ್ನೂ ನೆನಪಿದ್ದಿರಬೇಕು.

ಮುಂದಿನ ಕಾಲು ಶತಮಾನವನ್ನು ಬೇಗ ದಾಟಬಹುದು. ಸ್ಟೇಟ್ ಕೌನ್ಸಿಲ್ ಸದಸ್ಯತ್ವ, ಸ್ಥಳೀಯ ಆಡಳಿತದ ಮಂತ್ರಿಗಿರಿ, ಸಿಂಹಳ ಮಹಾಸಭಾದ ಸ್ಥಾಪನೆ, 1940ರಲ್ಲಿ ಸಿರಿಮಾವೋ ಅವರೊಂದಿಗೆ ವಿವಾಹ, ಸ್ವಾತಂತ್ರ್ಯಾನಂತರ ಡಿ.ಎಸ್. ಸೇನಾನಾಯಕೆಯವರ ಸಂಪುಟದಲ್ಲಿ ಸ್ಥಾನ. ಸೇನಾನಾಯಕೆ ತಮ್ಮನ್ನು ಉತ್ತರಾಧಿಕಾರಿಯೆಂದು ಪರಿಗಣಿಸುವುದಿಲ್ಲವೆಂಬುದು ಖಚಿತವಾದಾಗ, 1951ರಲ್ಲಿ ಹೊರಬಂದು ಶ್ರೀಲಂಕಾ ಫ್ರೀಡಂ ಪಾರ್ಟಿ ಕಟ್ಟಿದರು. ಆಗಿನ ಪಕ್ಷದ ಪ್ರಣಾಳಿಕೆಯಲ್ಲಿ ಸಿಂಹಳ, ತಮಿಳು ಎರಡಕ್ಕೂ ಆಡಳಿತ ಭಾಷೆಯ ಸ್ಥಾನವಿತ್ತು. 1952ರ ಚುನಾವಣೆಯಲ್ಲಿ ಸಿಕ್ಕಿದ್ದು ಒಂಬತ್ತೇ ಸ್ಥಾನ. 1955ರ ಹೊತ್ತಿಗೆ ಪ್ರಣಾಳಿಕೆಯಿಂದ ತಮಿಳು ಮಾಯವಾಗಿ ಸಿಂಹಳವೊಂದೇ ಉಳಿಯಿತು.

ಇಲ್ಲಿ ನನ್ನದೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. 1978ರಲ್ಲಿ, ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ, ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ನಾನು ನಿಂತಿದ್ದೆ. ಎದುರಾಳಿ ನನ್ನ ಗೆಳೆಯನೇ. ಮನೆಮಾತು ತಮಿಳು, ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಕನ್ನಡ ಚರ್ಚಾಸ್ಪರ್ಧೆಯಲ್ಲಿ ನನ್ನನ್ನು ಎರಡು ಬಾರಿ ಸೋಲಿಸಿದ್ದ. ಮತದಾನದ ಹಿಂದಿನ ದಿನ ನನ್ನ ಕಡೆಯ ಹುಡುಗರು ಹಾಸ್ಟೆಲಿನಲ್ಲಿ ಚೀಟಿ ಹಂಚಿದರು. ನಮ್ಮ ಕಾಲೇಜಿಗೆ ನಮ್ಮವನು ಬೇಕೋ ಸೇಲಂನವನು ಬೇಕೋ ಎಂಬರ್ಥದ ಒಂದು ಸಾಲು ಅದರಲ್ಲಿತ್ತು. ಅವನು ಸೇಲಂ ಕಂಡವನೂ ಅಲ್ಲ. ಸಂಜೆ ಚೀಟಿ ನನ್ನ ಕೈಗೂ ಬಂತು. ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡೆ, ಏನೂ ಹೇಳಲಿಲ್ಲ. ಮೂವತ್ತೇಳು ಮತಗಳಿಂದ ಗೆದ್ದೆ. ಹಾರ ಹಾಕಲು ಮೊದಲು ಬಂದವನೂ ಅವನೇ. 1991ರ ಡಿಸೆಂಬರ್‌ನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ನಂತರ ಬೆಂಗಳೂರಿನಲ್ಲಿ ತಮಿಳರ ಮೇಲೆ ಗಲಭೆಯಾದಾಗ ನಾನು ಬೇರೆ ಜಿಲ್ಲೆಯಲ್ಲಿ ಕೆಲಸದಲ್ಲಿದ್ದೆ. ಗಾಬರಿಯಿಂದ ಅವನ ಮನೆಗೆ ಫೋನ್ ಮಾಡಿದೆ. ಎಲ್ಲರೂ ಕ್ಷೇಮ, ಗೇಟಿನ ಮೇಲಿದ್ದ ಅಪ್ಪನ ಹೆಸರಿನ ಫಲಕವನ್ನಷ್ಟೇ ಬಿಚ್ಚಿ ಒಳಗಿಟ್ಟಿದ್ದೇವೆ ಎಂದ. ಆ ಚೀಟಿಯ ವಿಷಯವನ್ನು ಅಂದೂ ನಾನು ಎತ್ತಲಿಲ್ಲ.

ಬಂಡಾರನಾಯಿಕೆಯವರ 1956ರ ಗೆಲುವನ್ನು ಹಾಗಾಗಿ ನಾನು ದೂರದಿಂದ ನೋಡಲಾರೆ. ಅವರು ಎತ್ತಿದ ಪ್ರಶ್ನೆ ಸುಳ್ಳಾಗಿರಲಿಲ್ಲ. ಸ್ವಾತಂತ್ರ್ಯ ಬಂದು ಎಂಟು ವರ್ಷವಾದರೂ ಜನಸಂಖ್ಯೆಯ ಹತ್ತನೆಯ ಒಂದು ಪಾಲಿಗೂ ಬಾರದ ಇಂಗ್ಲಿಷಿನಲ್ಲಿ ಆಡಳಿತ ನಡೆಯುತ್ತಿತ್ತು. ಹಳ್ಳಿಯ ಶಾಲಾಮಾಸ್ತರು, ಆಯುರ್ವೇದ ವೈದ್ಯರು, ಬೌದ್ಧ ಭಿಕ್ಷುಗಳು, ರೈತರು, ಕಾರ್ಮಿಕರು ಅವರ ಬೆನ್ನಿಗೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ವರ್ಷ ನವೆಂಬರ್ 1ರಂದು ನಮ್ಮ ರಾಜ್ಯವೂ ಭಾಷೆಯ ಆಧಾರದ ಮೇಲೆಯೇ ರೂಪುಗೊಂಡಿತು. ಇಂಗ್ಲಿಷ್ ನೋಟಿಸನ್ನು ಕೈಯಲ್ಲಿ ಹಿಡಿದು ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ದಿನವಿಡೀ ಕೂತ ರೈತರನ್ನು ನಾನೂ ಕಂಡಿದ್ದೇನೆ. ಆದರೆ ದ್ವೀಪದ ಜನಸಂಖ್ಯೆಯಲ್ಲಿ ಸುಮಾರು ಶೇ 70ರಷ್ಟಿದ್ದ ಸಿಂಹಳೀಯರ ಭಾಷೆಗೆ ನ್ಯಾಯ ದೊರಕಿಸಲು ಉಳಿದವರ ಭಾಷೆಯನ್ನು ಅಳಿಸಬೇಕಾಗಿರಲಿಲ್ಲ. ಇದನ್ನು ಅವರಷ್ಟು ಚೆನ್ನಾಗಿ ತಿಳಿದವರು ಅಂದಿನ ಕೊಲಂಬೊದಲ್ಲಿ ವಿರಳ. 1926ರಲ್ಲಿ ಬರೆದವರು ಅವರೇ ತಾನೆ?

ಇಪ್ಪತ್ನಾಲ್ಕು ಗಂಟೆಗಳಲ್ಲಿ ಸಿಂಹಳವೇ ಏಕೈಕ ಆಡಳಿತ ಭಾಷೆ ಎಂಬ ಘೋಷಣೆಯೊಂದಿಗೆ ಅವರ ಕೂಟ 95ರಲ್ಲಿ 51 ಸ್ಥಾನ ಗೆದ್ದಿತು. ಜೂನ್ 5ರಂದು ಮಸೂದೆ ಮಂಡನೆಯಾದ ದಿನ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕುಳಿತ ತಮಿಳು ನಾಯಕರನ್ನು ಗುಂಪೊಂದು ಥಳಿಸಿತು. ಕಾಯ್ದೆ ಬಂದ ಮೇಲೆ ತಮಿಳು ನೌಕರರ ಬಡ್ತಿ, ಭವಿಷ್ಯ ಎಲ್ಲವೂ ಸಿಂಹಳ ಪರೀಕ್ಷೆಗೆ ಗಂಟುಬಿದ್ದವು. ಸರ್ಕಾರಿ ನೌಕರಿಯನ್ನೇ ನಂಬಿದ್ದ ಜಾಫ್ನಾದ ಮಧ್ಯಮ ವರ್ಗಕ್ಕೆ ಇದು ಅನ್ನದ ಪ್ರಶ್ನೆಯಾಯಿತು.

ತಪ್ಪು ಅವರಿಗೆ ಅರಿವಾಗಲಿಲ್ಲವೆಂದಲ್ಲ. 1957ರ ಜುಲೈನಲ್ಲಿ ತಮಿಳರ ನಾಯಕ ಚೆಲ್ವನಾಯಗಂ ಅವರೊಂದಿಗೆ ಒಪ್ಪಂದ ಮಾಡಿಕೊಂಡರು. ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ತಮಿಳಿನಲ್ಲಿ ಆಡಳಿತ, ಪ್ರಾದೇಶಿಕ ಮಂಡಳಿಗಳಿಗೆ ಅಧಿಕಾರ: ಮೂವತ್ತೊಂದು ವರ್ಷಗಳ ಹಿಂದಿನ ಅವರದೇ ವಿಚಾರದ ಮೆಲುದನಿಯ ರೂಪ. ವಿರೋಧಪಕ್ಷದ ಜೆ.ಆರ್. ಜಯವರ್ಧನೆ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರ ಏಪ್ರಿಲ್ 9ರಂದು ಸುಮಾರು ಇನ್ನೂರು ಭಿಕ್ಷುಗಳು ರೋಸ್‌ಮೀಡ್ ಪ್ಲೇಸ್‌ನ ಪ್ರಧಾನಿ ನಿವಾಸದ ಅಂಗಳದಲ್ಲಿ ಕುಳಿತರು. ಅವರು ಏಳಲಿಲ್ಲ. ಪ್ರಧಾನಿ ಹೊರಬಂದು ಒಪ್ಪಂದವನ್ನು ಕೈಬಿಟ್ಟಿರುವುದಾಗಿ ಹೇಳಿದರು, ಲಿಖಿತವಾಗಿಯೂ ಕೊಟ್ಟರು. ಮರುತಿಂಗಳೇ ದ್ವೀಪಕ್ಕೆ ಬೆಂಕಿ ಬಿತ್ತು. ನೂರಾರು ಜನ, ಅವರಲ್ಲಿ ಬಹುಪಾಲು ತಮಿಳರು, ಕೊಲ್ಲಲ್ಪಟ್ಟರು. ತುರ್ತುಪರಿಸ್ಥಿತಿ ಘೋಷಣೆಯಾದದ್ದು ತಡವಾಗಿ, ಮೇ 27ರಂದು. ತಮಿಳಿಗೆ ಸೀಮಿತ ಬಳಕೆಯ ಅವಕಾಶ ಕೊಡುವ ಕಾಯ್ದೆ ಆ ಆಗಸ್ಟ್‌ನಲ್ಲಿ ಬಂತಾದರೂ ಆಗ ಅದನ್ನು ನಂಬುವವರು ಉಳಿದಿರಲಿಲ್ಲ.

1959ರ ಸೆಪ್ಟೆಂಬರ್ 25ರಂದು ಅದೇ ಮನೆಯ ಜಗಲಿಯಲ್ಲಿ ಅವರು ಭೇಟಿಗೆ ಬಂದ ಭಿಕ್ಷುವೊಬ್ಬರಿಗೆ ತಲೆಬಾಗಿ ನಮಸ್ಕರಿಸಿದರು. ಆ ಭಿಕ್ಷು ಸೋಮರಾಮ ಕಾವಿಯೊಳಗಿಂದ ಪಿಸ್ತೂಲು ತೆಗೆದು ಗುಂಡು ಹಾರಿಸಿದ. ಸಂಚಿನ ಸೂತ್ರಧಾರ ಬುದ್ಧರಖ್ಖಿತ ಕೆಲಾನಿಯ ವಿಹಾರದ ಮುಖ್ಯಸ್ಥ. 1956ರಲ್ಲಿ ಬಂಡಾರನಾಯಿಕೆಯವರ ಗೆಲುವಿಗೆ ದುಡಿದವರಲ್ಲಿ ಅಗ್ರಗಣ್ಯ. ಆಸ್ಪತ್ರೆಯಿಂದ ಬಂಡಾರನಾಯಿಕೆ ಜನರಿಗೆ ಸಂದೇಶ ಕಳಿಸಿ, ತಮ್ಮನ್ನು ಹೊಡೆದವನ ಮೇಲೆ ಹಗೆ ಸಾಧಿಸಬಾರದೆಂದು ಕೋರಿದರು. ಮರುದಿನ ಕೊನೆಯುಸಿರೆಳೆದರು. ಅವರ ಸರ್ಕಾರ ಮರಣದಂಡನೆಯನ್ನು ಅಮಾನತಿನಲ್ಲಿಟ್ಟಿತ್ತು. ಅವರ ಕೊಲೆಯ ನಂತರ ಅದನ್ನು ಮತ್ತೆ ಜಾರಿಗೆ ತರಲಾಯಿತು. 1962ರಲ್ಲಿ ಸೋಮರಾಮನನ್ನು ಗಲ್ಲಿಗೇರಿಸಿದರು.

ತಮಿಳಿಗೂ ಆಡಳಿತ ಭಾಷೆಯ ಸ್ಥಾನ ಸಂವಿಧಾನದಲ್ಲಿ ದೊರೆತದ್ದು 1987ರ ಹದಿಮೂರನೆಯ ತಿದ್ದುಪಡಿಯಲ್ಲಿ. ಅಷ್ಟು ಹೊತ್ತಿಗೆ ಅಂತರ್ಯುದ್ಧ ಆರಂಭವಾಗಿ ನಾಲ್ಕು ವರ್ಷವಾಗಿತ್ತು.

ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷ ಪೀಠ ಸಿಂಹಳ ದ್ವೀಪದವರಿಗೆ ಕೊನೆಗೂ ದಕ್ಕಿತು. ದ್ವೀಪ ಹೊತ್ತಿ ಉರಿದ 1958ರಲ್ಲಿ ಲಲಿತ್ ಅತುಲತ್‌ಮುದಲಿ ಎಂಬ ಸಿಂಹಳೀಯ ವಿದ್ಯಾರ್ಥಿ ಅಲ್ಲಿ ಅಧ್ಯಕ್ಷರಾದರು. ಬಂಡಾರನಾಯಿಕೆ ಹತರಾದ 1959ರಲ್ಲಿ ಆ ಪೀಠವನ್ನು ಏರಿದವರು ಲಕ್ಷ್ಮಣ್ ಕದಿರ್ಗಾಮರ್, ತಮಿಳರು. ಮುಂದೆ ಇಬ್ಬರೂ ತಮ್ಮ ದೇಶದ ಮಂತ್ರಿಗಳಾದರು. ಅತುಲತ್‌ಮುದಲಿ 1993ರ ಏಪ್ರಿಲ್‌ನಲ್ಲಿ ಚುನಾವಣಾ ಪ್ರಚಾರ ಸಭೆಯೊಂದರಲ್ಲಿ ಗುಂಡಿಗೆ ಬಲಿಯಾದರು. ವಿದೇಶಾಂಗ ಮಂತ್ರಿಯಾಗಿದ್ದ ಕದಿರ್ಗಾಮರ್ ಅವರನ್ನು 2005ರ ಆಗಸ್ಟ್ 12ರ ರಾತ್ರಿ ಕೊಲಂಬೊದ ಅವರ ಮನೆಯಲ್ಲಿ, ಈಜುಕೊಳದಿಂದ ಹೊರಬರುತ್ತಿದ್ದಾಗ, ಅಡಗಿ ಕಾದಿದ್ದ ಬಂದೂಕುಧಾರಿ ಕೊಂದ.